ಗೊಲ್ಲಾಳಮ್ಮನ ಹಲ್ಲುಕಡ್ಡಿ

ಗಂಡ ಸತ್ತ ಹನ್ನೊಂದನೆಯ ದಿನ ಗೊಲ್ಲಾಳಮ್ಮನ ಕೊರಳಿನ ದಾರ ಹರಿದು ಮೊರದೊಳಗೆ ಬಿದ್ದಾಗ, ತಾಳಿ, ಗುಂಡು, ಒಂದು ಹಿಡಿ ಕರಿಮಣಿಗಳ ಜೊತೆಗೆ ಅವಳ ಹಲ್ಲುಕಡ್ಡಿಯೂ ಬಿತ್ತು. ಬೆರಳುದ್ದದ ಬೆಳ್ಳಿಯ ಕಡ್ಡಿ. ಒಂದು ತುದಿ ಸೂಜಿಯಂತೆ ಸಣ್ಣ, ಇನ್ನೊಂದು ತುದಿಯಲ್ಲಿ ದಾರ ಪೋಣಿಸಲು ಕಿಂಡಿ. ಅದು ಬಿದ್ದ ಸಪ್ಪಳ ಅವಳ ಕಿವಿಗೆ ಬೇರೆಯಾಗಿಯೇ ಕೇಳಿಸಿತು. ಆದರೆ ಸುತ್ತ ಕೂತ ಹೆಂಗಸರೆಲ್ಲ ಅಳುತ್ತಿದ್ದರು, ಅವಳೂ ಅಳುತ್ತಿದ್ದಳು. ಅಳುವವಳು ನಡುವೆ ಕೈ ಚಾಚಿ ಮೊರದಿಂದ ಏನನ್ನಾದರೂ ಎತ್ತಿಕೊಳ್ಳುವುದು ಹೇಗೆ?

ಆ ಸೀಮೆಯ ರೂಢಿ ಹೀಗಿತ್ತು. ದಾರ ಹರಿಯುವ ಮೊದಲು ತವರಿನವರು ಮುಂದೆ ಬಂದು, ತಾವು ಕೊಟ್ಟದ್ದನ್ನು ಮಗಳ ಮೈಮೇಲಿಂದ ಬಿಚ್ಚಿ ಅವಳ ಉಡಿಗೆ ಹಾಕಬೇಕು. ಆಮೇಲೆ ದಾರ ಹರಿಯಬೇಕು. ಉಡಿಯಲ್ಲಿ ಬಿದ್ದದ್ದು ಅವಳದು, ಮೊರದಲ್ಲಿ ಬಿದ್ದದ್ದು ಗಂಡನ ಮನೆಯದು. ಗೊಲ್ಲಾಳಮ್ಮನ ತವರು ಭೀಮಾ ನದಿಯ ಆಚೆ ದಂಡೆಯಲ್ಲಿ, ಯಾದಗಿರಿಯ ಕಡೆ. ಆ ಶ್ರಾವಣದಲ್ಲಿ ಹೊಳೆ ತುಂಬಿ ಬಂದು ನಾಲ್ಕು ದಿನದಿಂದ ದೋಣಿ ಬಿಟ್ಟಿರಲಿಲ್ಲ. ಅವಳ ಅಣ್ಣ ಅಂಬಣ್ಣ ದಂಡೆಯ ಮೇಲೆ ಕೂತು ನೀರು ಇಳಿಯುವುದನ್ನು ಕಾಯುತ್ತಿದ್ದಾಗ ಇಲ್ಲಿ, ಕಕ್ಕೇರಾ ದಾರಿಯ ಈ ಊರಿನಲ್ಲಿ, ಹೊತ್ತು ಮೀರುತ್ತದೆಂದು ಅತ್ತೆ ಮಲ್ಲಾಬಾಯಿ ಸೊಸೆಯ ಕೊರಳಿಗೆ ಕೈ ಹಾಕಿದಳು. ಸೋದರಮಾವ ಹಾಕಿದ ಕಾಲುಂಗುರಗಳನ್ನು ಬಿಚ್ಚಿ ಉಡಿಗೆ ಹಾಕುವುದು ಅವಳಿಗೆ ನೆನಪಿತ್ತು. ದಾರದಲ್ಲಿದ್ದ ಕಡ್ಡಿ ನೆನಪಾಗಲಿಲ್ಲ. ಮಗನನ್ನು ಮಣ್ಣಿಗೆ ಕೊಟ್ಟು ಇನ್ನೂ ಹನ್ನೊಂದೇ ದಿನ.

ಮರುದಿನ ನೀರು ಇಳಿದು ಅಂಬಣ್ಣ ಬಂದ. ತಂಗಿಯ ಬರಿಗೊರಳು ನೋಡಿ ಹೊಸ್ತಿಲಲ್ಲೇ ಕುಸಿದು ಅತ್ತ. ಕಡ್ಡಿಯ ಮಾತನ್ನು ಅವಳು ಅವನೆದುರೂ ಎತ್ತಲಿಲ್ಲ. ಸತ್ತವನ ಗುದ್ದಿನ ಮಣ್ಣು ಇನ್ನೂ ಆರಿಲ್ಲ, ಆಗಲೇ ಹಲ್ಲಿನ ಚಿಂತೆಯೇ ಎಂದು ನಾಚಿಕೆಯಾಯಿತು. ಆ ನಾಚಿಕೆಗೆ ಅವಳು ಮುಂದೆ ಎರಡು ತಿಂಗಳು ದಂಡ ತೆತ್ತಳು.

ಅವಳ ಬಾಯಿಯ ಸಂಗತಿಯನ್ನೂ ಇಲ್ಲಿ ಹೇಳಬೇಕು. ಅವಳ ತಾಯಿಯ ಹಲ್ಲುಗಳು ಜಗಳವಾಡಿಕೊಂಡು ಬೇರೆಯಾದ ಅಣ್ಣತಮ್ಮಂದಿರ ಮನೆಗಳಂತೆ ಒಂದಕ್ಕೊಂದು ಅಂಟದೆ ನಿಂತಿದ್ದವು. ಮಗಳಿಗೂ ಅದೇ ಬಾಯಿ ಬಂದಿತ್ತು. ಎಡಗಡೆ ಕೆಳಗಿನ ಎರಡು ದವಡೆ ಹಲ್ಲುಗಳ ನಡುವಿನ ಸಂದಿಯಂತೂ ತಿಂದದ್ದರಲ್ಲಿ ತನ್ನ ಪಾಲು ತೆಗೆದಿಟ್ಟುಕೊಳ್ಳದೆ ಬಿಡುತ್ತಿರಲಿಲ್ಲ. ಮೀನು ಹಿಡಿದು ತಿನ್ನುವ ಮನೆಯಲ್ಲಿ ಇಂಥ ಬಾಯಿಗೆ ಕಡ್ಡಿ ಶೋಕಿಯ ಒಡವೆಯಲ್ಲ, ನೇಗಿಲಿಗೆ ಕುಳ ಇದ್ದ ಹಾಗೆ. ಅದಕ್ಕೇ ತಾಯಿ ತನ್ನ ಕೈಬಳೆಯೊಂದನ್ನು ಮುರಿಸಿ, ಮಗಳ ಮದುವೆಗೆ ಕಡ್ಡಿ ಮಾಡಿಸಿ, ತಾಳಿಯ ದಾರದಲ್ಲಿ ತಾನೇ ಪೋಣಿಸಿ ಕಳಿಸಿದ್ದಳು.

ಗಂಡನ ಮನೆಯಲ್ಲಿ ಮೀನು ಅಪರೂಪ. ಆದರೆ ಪುಂಡಿಪಲ್ಯ ದಿನವೂ ಇರುತ್ತಿತ್ತು. ಪುಂಡಿಯೆಂದರೆ ನಾರಿನ ಗಿಡ, ಅದರ ದಂಟಿನ ನಾರಿನಿಂದಲೇ ಎತ್ತಿನ ಹಗ್ಗ ಹೊಸೆಯುತ್ತಾರೆ. ಎಲೆಯನ್ನು ಎಷ್ಟು ಬೇಯಿಸಿದರೂ ಒಂದೆರಡು ಎಳೆ ಉಳಿದೇ ಉಳಿಯುತ್ತವೆ, ಉಳಿದ ಎಳೆ ನೇರವಾಗಿ ಗೊಲ್ಲಾಳಮ್ಮನ ಸಂದಿಗೇ ಹೋಗಿ ಸೇರುತ್ತದೆ. ಗಂಡ ತಾಯಪ್ಪ ನಗುತ್ತಿದ್ದ. ಹಗೇವು ತೋಡುವುದೇ ಬೇಡ, ಮನೆಯ ಜೋಳವನ್ನೆಲ್ಲ ನಿನ್ನ ದವಡೆಯಲ್ಲೇ ತುಂಬಿಡೋಣ ಎನ್ನುತ್ತಿದ್ದ. ನಕ್ಕವನೇ ಬಾಡು ತಿಂದ ದಿನ ಬಂದು, ನಿನ್ನ ಕಡ್ಡಿ ಕೊಡು ಎಂದು ಅವಳ ಕೊರಳಿಗೆ ಬಾಗುತ್ತಿದ್ದ. ದಾರ ಬಿಚ್ಚದೆ, ಅವಳ ಮುಖದ ಹತ್ತಿರ ಮುಖ ತಂದು, ಹಲ್ಲು ಕೆದಕಿಕೊಳ್ಳುತ್ತಿದ್ದ. ಅಷ್ಟು ಹತ್ತಿರದಲ್ಲಿ ಗಂಡಹೆಂಡಿರು ಜಗಳ ಮಾಡುವುದು ಸಾಧ್ಯವಿರಲಿಲ್ಲ. ಆರು ವರ್ಷದಲ್ಲಿ ಅವರು ಜಗಳವಾಡಿದ್ದೂ ಕಡಿಮೆ.

ಅವನನ್ನು ಜ್ವರ ಒಯ್ದಿತು. ಕಡ್ಡಿಯನ್ನು ಮೊರ ಒಯ್ದಿತು.

ಮೊದಲು ಅವಳು ಬೇವಿನ ಕಡ್ಡಿ ಹಾಕಿ ನೋಡಿದಳು. ದಪ್ಪವಾಯಿತು. ಕಸಬರಿಗೆಯ ಕಡ್ಡಿ ಸಂದಿಯಲ್ಲೇ ಮುರಿದು, ನಾರಿನ ಜೊತೆಗೆ ಅದೂ ಒಳಗೆ ಕೂತಿತು. ಸೀರೆಯ ಅಂಚಿನ ದಾರ ಕಿತ್ತು ಎಳೆದಳು, ಹೋದ ದಾರ ಅರ್ಧವೇ ಬಂತು. ಕೊನೆಗೆ ಹೊಲದ ಬದುವಿನ ಜಾಲಿಮುಳ್ಳು. ಮುಳ್ಳು ನಾರನ್ನು ತಂದಿತು, ಜೊತೆಗೆ ರಕ್ತವನ್ನೂ ತಂದಿತು. ನಾಲ್ಕನೇ ದಿನಕ್ಕೆ ಒಸಡು ಉಬ್ಬಿತು. ನಾಲಗೆ ಹಗಲೆಲ್ಲ ಅಲ್ಲೇ ಹೋಗಿ ಮುಟ್ಟುತ್ತಿತ್ತು. ಸಜ್ಜೆಯ ತೆನೆ ಮುರಿಯುವಾಗಲೂ, ಎಮ್ಮೆ ಹಿಂಡುವಾಗಲೂ ಅವಳ ಧ್ಯಾನವೆಲ್ಲ ದವಡೆಯ ಒಂದು ಎಳ್ಳಿನಷ್ಟು ಜಾಗದಲ್ಲಿತ್ತು. ಗಂಡನನ್ನು ನೆನೆದು ಅಳಲು ಕೂತರೂ ನಾಲಗೆ ಸಂದಿಗೇ ಹೋಗುತ್ತಿತ್ತು. ಇದು ಅವಳಿಗೆ ಎಲ್ಲಕ್ಕಿಂತ ಅವಮಾನವೆನಿಸಿತು. ನೆಮ್ಮದಿಯಾಗಿ ಅಳುವುದಕ್ಕೂ ಬಾಯಿ ಸ್ವಚ್ಛವಾಗಿರಬೇಕು.

ಒಂದು ದಿನ ಅತ್ತೆಯ ಹತ್ತಿರ ಕೇಳಿಯೇಬಿಟ್ಟಳು. ಮಲ್ಲಾಬಾಯಿ ಗಾಬರಿಯಾದಳು. ಮೊರದಲ್ಲಿದ್ದುದನ್ನೆಲ್ಲ ಹಿರಿಯ ಮಗ ಅಮಾತೆಪ್ಪ ಸುರಪುರಕ್ಕೆ ಒಯ್ದಿದ್ದ, ಏನು ಮಾಡಿದನೋ ತನಗೆ ಗೊತ್ತಿಲ್ಲ ಎಂದಳು. ಅವನನ್ನು ಕೇಳು ಎನ್ನುವಂತಿರಲಿಲ್ಲ. ತಮ್ಮನ ಹೆಂಡತಿ ಭಾವನ ಎದುರು ನಿಂತು ಮಾತಾಡುವುದು ಆ ಕಡೆ ಇಲ್ಲ. ಸೆರಗು ಹಣೆಯವರೆಗೆ ಎಳೆದುಕೊಂಡು ಬಾಗಿಲ ಹಿಂದೆ ನಿಲ್ಲಬೇಕು, ಹೇಳುವುದನ್ನು ಅತ್ತೆಗೆ ಹೇಳಬೇಕು, ಅತ್ತೆ ಅದನ್ನು ಅವನಿಗೆ ದಾಟಿಸಬೇಕು. ಭಾವನಾದರೂ ಅಷ್ಟೇ, ತಮ್ಮನ ಹೆಂಡತಿಯ ನೆರಳನ್ನೂ ತುಳಿಯಬಾರದು.

ಅಮಾತೆಪ್ಪ ಈಗ ಊರಲ್ಲಿ ದೊಡ್ಡ ಮನುಷ್ಯ. ಎರಡು ವರ್ಷದ ಹಿಂದೆ, ನವಾಬರ ರಾಜ್ಯ ಇದ್ದಾಗ, ತಹಸೀಲಿಗೆ ಹೋಗುವಾಗ ಕೆಂಪು ರೂಮಿ ಟೋಪಿ ಹಾಕುತ್ತಿದ್ದ. ದಂಡು ಬಂದು ರಾಜ್ಯ ಬದಲಾದ ಮೇಲೆ ಆ ಟೋಪಿ ಎಲ್ಲಿ ಹೋಯಿತೋ ಯಾರೂ ಕಾಣಲಿಲ್ಲ, ಬಿಳಿ ಟೋಪಿ ಬಂತು. ಊರ ಕಮಿಟಿಯಲ್ಲಿ ಹೆಸರು ಬರೆಸಿಕೊಂಡ. ಸಂಜೆ ಕಟ್ಟೆಯ ಮೇಲೆ ಕೂತು, ಇನ್ನು ಯಾರೂ ಯಾರ ಆಳೂ ಅಲ್ಲ, ಯಾರ ವಸ್ತುವನ್ನೂ ಯಾರೂ ಕಸಿದುಕೊಳ್ಳುವಂತಿಲ್ಲ ಎಂದು ಊರಿಗೆ ತಿಳಿಹೇಳುತ್ತಿದ್ದ. ಕೆಟ್ಟವನೇನಲ್ಲ. ತಮ್ಮ ಸತ್ತಾಗ ಎದೆ ಬಡಿದುಕೊಂಡು ಅತ್ತವನು. ಆದರೆ ಮನೆಯ ಹೆಂಗಸರ ಬಾಯಿಯಿಂದ ‘ಬೇಕು’ ಎಂಬ ಮಾತು ಬಂದರೆ ಅದು ಅವನಿಗೆ ಅರ್ಥವಾಗುತ್ತಿರಲಿಲ್ಲ.

ತಾಯಿ ಕಡ್ಡಿಯ ಮಾತು ದಾಟಿಸಿದಾಗ ಅವನು ಉಣ್ಣುತ್ತಿದ್ದ. ಬಾಗಿಲ ಹಿಂದಿದ್ದವಳಿಗೆ ಕೇಳಲೆಂದೇ ದನಿ ಏರಿಸಿ ಹೇಳಿದ:

“ಅದನ್ನು ಕರಗಿಸಿ ಮನಿದೇವ್ರಿಗಿ ಬೆಳ್ಳಿ ಕಣ್ಣು ಮಾಡಿಸೀನಿ. ಬೇಕಾದ್ರ ಹೋಗಿ ದೇವರ ಮಾರ್ಯಾಗಿಂದು ಕಿತ್ತುಕೊಂಡು ಹಲ್ಲು ಚುಚ್ಚಿಕೊ ಅನ್ನು.”

ಹೌದು, ದೇವರ ಜಗಲಿಯ ಕರಿಕಲ್ಲಿನ ಮೂರ್ತಿಗೆ ಹೊಸ ಕಣ್ಣು ಬಂದಿದ್ದವು. ತಿಂಗಳಿಂದ ಆ ಜಗಲಿಯನ್ನು ದಿನಾ ಬೆಳಿಗ್ಗೆ ಸಾರಿಸುತ್ತಿದ್ದವಳು ಅವಳೇ. ತನ್ನ ಬಾಯಿಂದ ಹೋದದ್ದೇ ತನ್ನನ್ನು ನೋಡುತ್ತ ಕೂತಿದೆ ಎಂದು ಅವಳಿಗೆ ಹೊಳೆದಿರಲಿಲ್ಲ. ದೇವರ ಕಣ್ಣು ಕೀಳುವುದಂತೂ ಆಗದು. ಅವನಿಗೂ ಅದು ಗೊತ್ತಿತ್ತು, ಅದಕ್ಕೇ ಹಾಗೆ ಅಂದ. ಅಷ್ಟಕ್ಕೇ ಬಿಡಲೂ ಇಲ್ಲ. ಗಂಡನಿಲ್ಲದವಳ ಕೊರಳಿಗೆ ಬೆಳ್ಳಿ ಯಾಕೆ, ಹಲ್ಲು ನೋಯುವುದಾದರೆ ಕೀಳಿಸಲಿ, ಇಡೀ ಮನೆತನದಲ್ಲಿ ಹಲ್ಲು ಕೀಳಿಸಿದವಳು ಇವಳೊಬ್ಬಳೇನೂ ಆಗುವುದಿಲ್ಲ ಎಂದ.

ಮುಂದಿನ ಸಂತೆಯ ದಿನ ಮಲ್ಲಾಬಾಯಿ ಸೊಸೆಯನ್ನು ಕಕ್ಕೇರಾಕ್ಕೆ ಕರಕೊಂಡು ಹೋದಳು. ಗಲ್ಲ ಆಗಲೇ ನಿಂಬೆಹಣ್ಣಿನಷ್ಟು ಉಬ್ಬಿತ್ತು. ಸಂತೆಯ ತುದಿಯಲ್ಲಿ, ಬೇವಿನ ಗಿಡದ ಕೆಳಗೆ, ಹಲ್ಲು ಕೀಳುವ ಫಕೀರಸಾಬ ಗೋಣಿತಟ್ಟು ಹಾಸಿ ಕೂತಿದ್ದ. ಅವನ ಮುಂದೆ ಎರಡು ಇಕ್ಕಳ, ಉಪ್ಪುನೀರಿನ ಗಡಿಗೆ, ಮತ್ತು ದಾರದಲ್ಲಿ ಪೋಣಿಸಿದ ಹಳೆಯ ಹಲ್ಲುಗಳ ಮಾಲೆ. ಗಿರಾಕಿಗಳಿಗೆ ಅದನ್ನು ನೋಡಿದರೆ ಧೈರ್ಯ ಬರುತ್ತದೆ ಎಂದು ಅವನ ನಂಬಿಕೆ. ಗೊಲ್ಲಾಳಮ್ಮ ಅದರಿಂದ ಮುಖ ತಿರುಗಿಸಿ ಕೂತಳು.

ಬಾಯಿ ತೆರೆ ಬೇಟಿ ಎಂದು ಹೇಳಿ, ಅವಳ ಮುಖವನ್ನು ಬೆಳಕಿಗೆ ತಿರುಗಿಸಿ, ಇಕ್ಕಳದ ಹಿಡಿಯಿಂದ ಹಲ್ಲುಗಳನ್ನು ಒಂದೊಂದಾಗಿ ಬಡಿದು ಕೇಳಿದ, ಗಡಿಗೆ ಕೊಳ್ಳುವವರು ಬಡಿದು ನೋಡುವ ಹಾಗೆ. ಆಮೇಲೆ ಸಣ್ಣ ಸಲಾಕೆಯಿಂದ ಸಂದಿಯನ್ನು ಕೆದಕಿ, ಕೊಳೆತ ನಾರಿನ ಮುದ್ದೆಯನ್ನೂ ಕಸಬರಿಗೆಯ ಚೂರನ್ನೂ ತೆಗೆದು ಅವಳ ಅಂಗೈಗೆ ಹಾಕಿದ. ಕೀವು ಹರಿಯಿತು. ಉಪ್ಪುನೀರು ಮುಕ್ಕಳಿಸಿದಾಗ ಅವಳ ಕಣ್ಣಲ್ಲಿ ನೀರು ಬಂತು. ಆದರೆ ಎರಡು ತಿಂಗಳ ಮೇಲೆ ಮೊದಲ ಸಲ ನಾಲಗೆ ಸುಮ್ಮನೆ ತನ್ನ ಜಾಗದಲ್ಲಿ ಮಲಗಿತು.

“ಹಲ್ಲು ಕಬ್ಬಿಣ ಇದ್ದಂಗ ಅದ. ಖರಾಬ ಆಗಿದ್ದು ಸಂದಿ,” ಎಂದ ಫಕೀರಸಾಬ. “ಸಂದಿ ಕೀಳೋ ಇಕ್ಕಳ ನನ್ನ ಹಂತೇಕ ಇಲ್ಲ.”

ಮಲ್ಲಾಬಾಯಿ ಬಿಡಲಿಲ್ಲ. ಕೀಳಿಸಿಕೊಂಡು ಬಾ ಅಂತ ಮಗ ಹೇಳಿ ಕಳಿಸಿದ್ದಾನೆ, ಮತ್ತೆ ಮತ್ತೆ ಈ ನೋವು ಯಾರಿಗೆ ಬೇಕು ಎಂದಳು. ಫಕೀರಸಾಬ ಇಕ್ಕಳವನ್ನು ತಟ್ಟಿನ ಮೇಲೆ ಇಟ್ಟುಬಿಟ್ಟ. ಒಂದು ಕಿತ್ತರೆ ಪಕ್ಕದ್ದು ಸಡಿಲಾಗುತ್ತದೆ, ಸಂದಿ ದೊಡ್ಡದಾಗುತ್ತದೆ, ಅಲ್ಲಿ ಇನ್ನೂ ಹೆಚ್ಚು ಸಿಗುತ್ತದೆ, ಅದೂ ನೋಯುತ್ತದೆ, ಅದನ್ನೂ ಕೀಳು ಎಂದು ಬರುತ್ತಾರೆ. ಇದಕ್ಕೆಲ್ಲ ಮದ್ದು ಒಂದೇ, ಒಂದು ಖಿಲಾಲ್ ಇಟ್ಟುಕೊಂಡು, ಸಿಕ್ಕಿದ್ದನ್ನು ಉಂಡ ಮೇಲೆ ತೆಗೆದುಬಿಡುವುದು ಎಂದ. ಹಲ್ಲುಕಡ್ಡಿಗೆ ಅವನ ಮಾತಿನಲ್ಲಿ ಖಿಲಾಲ್. ತುಸು ಹೊತ್ತು ಮಲ್ಲಾಬಾಯಿಯ ಬಾಯನ್ನೇ ನೋಡುತ್ತ ಕೂತು, ಅವನು ಸೊಸೆಗೆ ಮತ್ತೊಂದು ಮಾತು ಹೇಳಿದ:

“ನಿಮ್ಮತ್ತಿ ಬಾಯಿ ಖಾಲಿ ಮಾಡಿದಾಂವ ನಾನೇ. ವರ್ಷಕ್ಕ ಒಂದು, ಎರಡು. ಆಗ ನನಗೂ ಕೆಲಸ ಹೊಸದು, ನೋವು ಅಂದ್ರ ಕಿತ್ತು ಕೊಡ್ತಿದ್ದೆ. ಖುದಾನ ಆಣಿ, ಅದರಾಗ ಒಂದೂ ಹುಳುಕಿದ್ದಿಲ್ಲ.”

ತಿರುಗಿ ಬರುವ ದಾರಿಯಲ್ಲಿ ಹಳ್ಳ ದಾಟಿದ ಮೇಲೆ ಮಲ್ಲಾಬಾಯಿಯೇ ಮಾತು ಶುರು ಮಾಡಿದಳು. ತನ್ನ ಗಂಡ ಸತ್ತಾಗ ತನಗೆ ಇನ್ನೂ ಮೂವತ್ತು ತುಂಬಿರಲಿಲ್ಲ, ತನ್ನ ದಾರದಲ್ಲೂ ಒಂದು ಕಡ್ಡಿ ಇತ್ತು, ತಾಮ್ರದ್ದು, ಅದೂ ಮೊರಕ್ಕೇ ಬಿತ್ತು ಎಂದಳು. ಯಾಕೆ ಕೇಳಲಿಲ್ಲ ಎಂದು ಸೊಸೆ ಕೇಳಿದಳು. ಮಲ್ಲಾಬಾಯಿಗೆ ಆ ಪ್ರಶ್ನೆ ವಿಚಿತ್ರವೆನಿಸಿತು. ಕೇಳಬಹುದೆಂದು ಯಾರಿಗೆ ಗೊತ್ತಿತ್ತು? ಗಂಡ ಹೋದ ಮೇಲೆ ಒಂದೊಂದೇ ಹೋಗುತ್ತವೆ, ಹಲ್ಲೂ ಹಾಗೇ ಹೋಗುತ್ತವೆ ಎಂದುಕೊಂಡಿದ್ದಳು. ಈಗ ಮೇಲೆರಡು ಕೆಳಗೊಂದು ಉಳಿದಿವೆ. ರೊಟ್ಟಿಯನ್ನು ಬೇಳೆಕಟ್ಟಿನಲ್ಲಿ ನೆನೆಸಿ ನುಂಗುತ್ತಾಳೆ, ಹುರಿದ ಶೇಂಗಾ ತಿಂದು ಹತ್ತು ವರ್ಷದ ಮೇಲಾಯಿತು. ಇದನ್ನೆಲ್ಲ ಅವಳು ಗೋಳಾಗಿ ಹೇಳಲಿಲ್ಲ, ಹಾದಿಯ ಪಕ್ಕದ ಹೊಲ ಯಾರದೆಂದು ಹೇಳುವಷ್ಟೇ ತಣ್ಣಗೆ ಹೇಳಿದಳು.

ಗೊಲ್ಲಾಳಮ್ಮ ಅತ್ತೆಯ ಒಳಸರಿದ ಗಲ್ಲಗಳನ್ನು ಆರು ವರ್ಷದಿಂದ ನೋಡಿದ್ದಳು. ಅದು ಮುಪ್ಪು ಎಂದು ತಿಳಿದಿದ್ದಳು. ಅತ್ತೆಗೆ ಐವತ್ತೂ ಆಗಿರಲಿಲ್ಲ. ಆ ಮುಖದಲ್ಲಿ ಅವಳಿಗೆ ತನ್ನ ಮುಂದಿನ ಇಪ್ಪತ್ತು ವರ್ಷ ಕಾಣಿಸಿತು. ಹೆದರಿಕೆಯಾಯಿತು. ಹೆದರಿಕೆ ಊರು ಮುಟ್ಟುವವರೆಗೆ ಇತ್ತು. ಊರು ಮುಟ್ಟಿದ ಮೇಲೆ ಅದು ಸಿಟ್ಟಾಯಿತು. ಹಲ್ಲು ತನ್ನದು, ಒಂದನ್ನೂ ಕೊಡುವುದಿಲ್ಲ ಎಂದು ಅವಳು ತನ್ನಷ್ಟಕ್ಕೇ ನಿರ್ಧರಿಸಿದಳು.

ಹಾಗೆಂದು ಪುಂಡಿಪಲ್ಯ ಕಾಯುತ್ತ ಕೂತಿರಲಿಲ್ಲ. ಮೂರನೇ ದಿನಕ್ಕೆ ಸಂದಿಯಲ್ಲಿ ಮತ್ತೆ ನಾರು ಕೂತಿತು.

ಮರುದಿನ ಬೆಳಿಗ್ಗೆ ಎಮ್ಮೆ ಹಿಂಡಿಟ್ಟು, ಕಾಲುಂಗುರಗಳನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು, ಸುರಪುರಕ್ಕೆ ಹೋಗಿ ಬರುತ್ತೇನೆ ಎಂದು ಅತ್ತೆಗೆ ಹೇಳಿ ಹೊರಟಳು. ಗಂಡ ಸತ್ತು ವರ್ಷ ತುಂಬುವವರೆಗೆ ಹೊಲ ಮತ್ತು ತವರು ಬಿಟ್ಟು ಬೇರೆ ಕಡೆ ಒಬ್ಬಳೇ ಕಾಲಿಡಬಾರದು. ಮಲ್ಲಾಬಾಯಿ ತಡೆಯುವ ಮಾತು ಹುಡುಕುವುದರೊಳಗೆ ಅವಳು ಊರ ಅಗಸಿಬಾಗಿಲು ದಾಟಿದ್ದಳು. ದಿನಕ್ಕೊಂದೇ ಮೋಟಾರು, ಬೆಳಿಗ್ಗೆ ಹೋಗಿ ಸಂಜೆಗೆ ತಿರುಗಿ ಬರುವುದು. ಮೊದಲ ಸಾಲಿನಲ್ಲಿ ಜಾಗ ಖಾಲಿಯಿತ್ತು, ಕೂತಳು. ಅವಳ ಬರಿ ಹಣೆ ನೋಡಿ ರುಮಾಲಿನ ಮುದುಕನೊಬ್ಬ, ಹೊರಡೋ ಹೊತ್ತಿನಲ್ಲಿ ಇವಳ ಮುಖ ಎದುರಿಗೆ ಬೇಡ, ಹಿಂದೆ ಹೋಗಿ ಕೂಡಲಿ ಎಂದು ಗೊಣಗಿದ. ನನ್ನ ಮುಖ ನಿಮ್ಮ ಕಡೆ ಇಲ್ಲ, ರಸ್ತೆಯ ಕಡೆ ಇದೆ ಎಂದಳು. ಮೋಟಾರು ಹೊರಟಿತು. ಸುರಪುರ ಮುಟ್ಟುವವರೆಗೆ ಗಾಲಿಯೂ ಕಳಚಲಿಲ್ಲ, ಟಾಯರೂ ಒಡೆಯಲಿಲ್ಲ.

ಮೋನಪ್ಪ ಪತ್ತಾರ ಸುರಪುರದ ಬಜಾರದಲ್ಲಿ ಬೆಳ್ಳಿಬಂಗಾರದ ಕೆಲಸ ಮಾಡುವವನು. ಅವನ ಅಂಗಡಿಯೆಂದರೆ ಒಂದು ಕಟ್ಟೆ, ಒಂದು ಅಗ್ಗಿಷ್ಟಿಕೆ, ಊದುಗೊಳವೆ. ಗೊಲ್ಲಾಳಮ್ಮ ಕಟ್ಟೆಯ ಮುಂದೆ ನಿಂತು ಗಂಟು ಬಿಚ್ಚಿ, ಈ ಉಂಗುರಗಳಲ್ಲಿ ಒಂದು ಹಲ್ಲುಕಡ್ಡಿ ಮಾಡಿಕೊಡಿ, ಉಳಿದ ಬೆಳ್ಳಿ ನಿಮ್ಮ ಕೂಲಿಗೆ ಎಂದಳು. ಮೋನಪ್ಪ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ಅವಳ ಹಣೆ, ಕೊರಳು, ಕಾಲು ಎಲ್ಲ ನೋಡಿದ. ಕಡ್ಡಿಯನ್ನು ಯಾರು ಹಾಕಿಕೊಳ್ಳುತ್ತಾರೆ ಎಂದು ಕೇಳಿದ. ನಾನೇ ಎಂದಳು. ಎಲ್ಲಿ ಎಂದು ಕೇಳಿದ. ಕೊರಳಲ್ಲಿ ಎಂದಳು. ಆಗುವುದಿಲ್ಲ ಎಂದ. ಕಾಲಿನ ಬೆಳ್ಳಿ ಕೊರಳಿಗೆ ಏರಬಾರದು, ತನ್ನ ಅಪ್ಪನೂ ಮಾಡಲಿಲ್ಲ, ಅಜ್ಜನೂ ಮಾಡಲಿಲ್ಲ.

“ಬೆಂಕ್ಯಾಗ ಹೋಗಿ ನೀರಾಗಿ ಬಂದದ್ದಕ್ಕ ಕಾಲು ಯಾವುದು, ಕೊರಳು ಯಾವುದು?” ಎಂದಳು ಗೊಲ್ಲಾಳಮ್ಮ.

ಮೋನಪ್ಪ ಕನ್ನಡಕವನ್ನು ಮೇಲಕ್ಕೆ ಸರಿಸಿ, ಯಾವ ಊರು, ಯಾರ ಮನೆ ಎಂದು ವಿಚಾರಿಸಿದ. ಅವಳು ಹೇಳಿದಳು. ಅವನ ಕೈಯಲ್ಲಿದ್ದ ಊದುಗೊಳವೆ ಅಲ್ಲೇ ನಿಂತಿತು. ಬೆಳ್ಳಿ ಕರಗಿಸುವ ಮೊದಲು ಅದು ಯಾರ ಮೈಮೇಲಿನದೆಂದು ಕೇಳುವುದು ಪತ್ತಾರರ ಪದ್ಧತಿ. ಬದುಕಿರುವ ಹೆಂಗಸಿನ ಒಡವೆಯನ್ನು ಅವಳ ಬಾಯಿಮಾತಿಲ್ಲದೆ ಅವರು ಬೆಂಕಿಗೆ ಹಾಕುವುದಿಲ್ಲ, ಹಾಕಿದರೆ ಕೈಗೆ ಕಸುಬು ಹತ್ತುವುದಿಲ್ಲ ಎಂಬ ಭಯ.

“ನಿಮ್ಮ ಅಮಾತೆಪ್ಪ ಒಂದು ಕಡ್ಡಿ ತಂದಿದ್ದ, ದೇವರ ಕಣ್ಣಿಗಿ,” ಎಂದ ಮೋನಪ್ಪ. “ಯಾರದಪಾ ಇದು ಅಂತ ಕೇಳೀನಿ ನಾನು. ಸತ್ತಾಕಿದು ಅಂದ.”

ಗೊಲ್ಲಾಳಮ್ಮ ಕಟ್ಟೆಯ ಅಂಚನ್ನು ಹಿಡಿದುಕೊಂಡಳು. ಬಜಾರದಲ್ಲಿ ಜನ ಓಡಾಡುತ್ತಿದ್ದರು. ಯಾರೋ ಹತ್ತಿಯ ಬಂಡಿ ಹೊಡೆದುಕೊಂಡು ಹೋದರು. ತನ್ನ ಹೆಸರನ್ನು ಯಾರೋ ಯಾವುದೋ ಪಟ್ಟಿಯಿಂದ ಹೊಡೆದುಹಾಕಿ, ತನಗೆ ತಿಳಿಸುವುದನ್ನು ಮರೆತ ಹಾಗಾಯಿತು. ಅಳು ಬರುತ್ತದೆಂದು ಕಾದಳು. ಬರಲಿಲ್ಲ. ಬದಲಿಗೆ ಕಟ್ಟೆಯ ಮೇಲೆ ಏರಿ ಕೂತಳು, ಬಾಯಿ ಅಗಲಿಸಿ, ಬೆರಳಿನಿಂದ ಗಲ್ಲ ಎಳೆದು ಕೆಂಪಗೆ ಉಬ್ಬಿದ ಒಸಡನ್ನು ಮೋನಪ್ಪನಿಗೆ ತೋರಿಸಿದಳು.

“ಸತ್ತಾಕಿ ಬಾಯಿ ಹಿಂಗಿರ್ತದೇನು ನೋಡ್ರಿ. ಹೆಣ ಬಂದು ಕುಂತಾದ ಅಂತರೆ ತಿಳಕೊರ್ರಿ, ಇಲ್ಲಾಂದ್ರ ಹೆಂಗಸು ಬಂದು ಕುಂತಾಳ ಅಂತ ತಿಳಕೊರ್ರಿ. ಕಡ್ಡಿ ತಗೊಂಡೇ ಏಳೋದು.”

ಮೋನಪ್ಪ ಉಂಗುರಗಳನ್ನು ಮೂಸೆಗೆ ಹಾಕಿದ. ಕರಗಿಸಿ, ಸುರಿದು, ಬಡಿದು, ತಂತಿ ಎಳೆದು, ತುದಿಯನ್ನು ಅರದಿಂದ ತಿಕ್ಕಿ ನಯ ಮಾಡಿದ. ಚೂಪು ಹೆಚ್ಚಾದರೆ ಒಸಡು ಹರಿಯುತ್ತದೆಂದು ತನ್ನ ಹಲ್ಲಿನಲ್ಲೇ ಆಡಿಸಿ ನೋಡಿ, ಒಪ್ಪಿಗೆಯಾಗದೆ, ಮತ್ತೊಮ್ಮೆ ತಿಕ್ಕಿದ. ಸಂಜೆಯ ಮೋಟಾರಿನ ಹೊತ್ತಿಗೆ ಕಡ್ಡಿ ಆಯಿತು. ಉಳಿದ ಬೆಳ್ಳಿಯನ್ನು ಅವನು ತೆಗೆದುಕೊಳ್ಳಲಿಲ್ಲ. ಅವಳನ್ನೇ ಕೇಳದೆ ಕರಗಿಸಿದ್ದಕ್ಕೆ ತನ್ನ ಕಡೆಯಿಂದ ಇದು ಎಂದು ಹೇಳಿ, ಒಂದು ಕರಿದಾರವನ್ನೂ ಕೊಟ್ಟ. ಅಲ್ಲೇ, ಬಜಾರದ ನಡುವೆ, ಅವಳು ದಾರವನ್ನು ಪೋಣಿಸಿ ಕೊರಳಿಗೆ ಕಟ್ಟಿಕೊಂಡಳು.

ಮರುದಿನ ಮಧ್ಯಾಹ್ನದ ಊಟ. ಮನೆಯವರೆಲ್ಲ ಉಂಡ ಮೇಲೆ ಗೊಲ್ಲಾಳಮ್ಮ ಉಂಡಳು. ರೊಟ್ಟಿ, ಪುಂಡಿಪಲ್ಯ, ನಂಜಿಕೊಳ್ಳಲು ಶೇಂಗಾ ಹಿಂಡಿ. ಕೈ ತೊಳೆದು, ಅಡಿಗೆಮನೆಯ ಮೂಲೆಗೆ ಹೋಗದೆ, ಪಡಸಾಲೆಯ ಹೊಸ್ತಿಲಿಗೆ ಬಂದು ಬೆಳಕಿಗೆ ಮುಖ ಮಾಡಿ ಕೂತಳು. ಸೆರಗಿನ ಮೇಲೆ ತೂಗುತ್ತಿದ್ದ ಕಡ್ಡಿಯನ್ನು ದಾರ ಬಿಚ್ಚದೆ ಹಿಡಿದು ಸಂದಿಗೆ ಹಾಕಿದಳು. ಪಡಸಾಲೆಯಲ್ಲಿ ಅಮಾತೆಪ್ಪ ಟೋಪಿಯನ್ನು ತೊಡೆಯ ಮೇಲಿಟ್ಟುಕೊಂಡು, ಕಮಿಟಿಯವರು ಬರುವುದನ್ನು ಕಾಯುತ್ತ ಎಲೆ ಮಡಚುತ್ತಿದ್ದ. ಮಲ್ಲಾಬಾಯಿ ಕಂಬಕ್ಕೆ ಒರಗಿ ತೊಗರಿ ಹಸನು ಮಾಡುತ್ತಿದ್ದಳು.

ಬೆಳ್ಳಿ ಬಿಸಿಲಿಗೆ ಮಿಂಚಿತು. ಅಮಾತೆಪ್ಪ ಕಣ್ಣೆತ್ತಿದ. ಮೊದಲು ಜಗಲಿಯ ಕಡೆ ನೋಡಿದ, ದೇವರ ಕಣ್ಣು ಇದ್ದ ಜಾಗದಲ್ಲೇ ಇದ್ದವು. ಆಮೇಲೆ ತಾಯಿಯನ್ನು ನೋಡಿ, ಇದು ಎಲ್ಲಿಂದ ಬಂತು ಎಂದು ಕೇಳಿದ. ಮಲ್ಲಾಬಾಯಿ ಬಾಯಿ ತೆರೆಯುವುದರೊಳಗೆ ಗೊಲ್ಲಾಳಮ್ಮನೇ ಎದ್ದು ನಿಂತಳು. ಸೆರಗು ತಲೆಯ ಮೇಲಿತ್ತು, ಹಣೆಯವರೆಗೆ ಎಳೆಯಲಿಲ್ಲ. ಆ ಮನೆಗೆ ಬಂದ ಆರು ವರ್ಷದಲ್ಲಿ ಅವಳು ಭಾವನಿಗೆ ನೇರವಾಗಿ ಆಡಿದ ಮೊದಲ ಮಾತು ಇದು:

“ಭಾವನೋರೆ, ಸತ್ತಾಕಿದು ಅಂತ ಹೇಳಿ ನನ್ನ ಕಡ್ಡಿ ಕರಗಿಸೀರಿ. ಸತ್ತಾಂವ ನಿಮ್ಮ ತಮ್ಮ. ನಾ ಸತ್ತಿಲ್ಲ, ನನ್ನ ಹಲ್ಲಿನ ಸಂದಿನೂ ಸತ್ತಿಲ್ಲ. ದಾರ ನಿಮ್ಮದು, ತಾಳಿ ನಿಮ್ಮದು, ಇಟ್ಕೊರ್ರಿ. ಬಾಯಿ ನಂದು.”

ಅಮಾತೆಪ್ಪನ ಕೈಯಲ್ಲಿದ್ದ ಎಲೆಯಿಂದ ಸುಣ್ಣ ತೊಡೆಯ ಮೇಲಿನ ಟೋಪಿಗೆ ಬಿತ್ತು. ಅವನು ಅವಳಿಗೆ ಉತ್ತರ ಕೊಡಲಿಲ್ಲ, ಕೊಟ್ಟರೆ ಅವಳ ಜೊತೆ ಮಾತಾಡಿದ ಹಾಗಾಗುತ್ತಿತ್ತು. ತಾಯಿಯ ಕಡೆ ತಿರುಗಿ ಹೇಳತೊಡಗಿದ. ಕಡ್ಡಿ ಬೇಕೆಂದರೆ ಇರಲಿ, ತಾನೇನು ಕಟುಕನಲ್ಲ. ಅಡಿಗೆಮನೆಯ ಗೂಡಿನಲ್ಲಿ ಇಟ್ಟುಕೊಳ್ಳಲಿ, ಯಾರೂ ಇಲ್ಲದಾಗ ಚುಚ್ಚಿಕೊಳ್ಳಲಿ. ಕೊರಳಲ್ಲಿ ಕರಿದಾರ, ದಾರದಲ್ಲಿ ಬೆಳ್ಳಿ, ಅದನ್ನು ತೊಟ್ಟು ಹೊಸ್ತಿಲಲ್ಲಿ ಕೂಡುವುದು ಎಂದರೆ ಏನು? ಹೊರಗಿನವರು ದೂರದಿಂದ ನೋಡಿದರೆ ಏನೆಂದು ತಿಳಿಯುತ್ತಾರೆ? ಈಗಷ್ಟೇ ನಾಲ್ಕು ಜನ ತನ್ನ ಮಾತು ಕೇಳುವಂತಾಗಿದೆ.

ಗೊಲ್ಲಾಳಮ್ಮ ಅದಕ್ಕೂ ಉತ್ತರ ಇಟ್ಟುಕೊಂಡಿದ್ದಳು. ಹೊಲದಲ್ಲಿ ಬುತ್ತಿ ಉಂಡಾಗ ಗೂಡು ಅಲ್ಲಿಗೆ ನಡೆದು ಬರುವುದಿಲ್ಲ. ಇನ್ನು ಮುಚ್ಚಿಡುವುದು ಕದ್ದ ಮಾಲನ್ನು, ಇದು ಕದ್ದದ್ದಲ್ಲ. ಕೊರಳಲ್ಲಿ ಇದ್ದದ್ದನ್ನೇ ಒಮ್ಮೆ ಕಳಕೊಂಡಿದ್ದಾಳೆ, ಗೂಡಿನಲ್ಲಿ ಇಟ್ಟದ್ದು ಎಷ್ಟು ದಿನ ಉಳಿದೀತು? ಇಷ್ಟನ್ನೂ ಅವಳು ದನಿ ಏರಿಸದೆ, ಅವನ ಮುಖವನ್ನೇ ನೋಡುತ್ತ ಹೇಳಿದಳು.

ಅಮಾತೆಪ್ಪನಿಗೆ ಸಿಟ್ಟು ಏರಿತು. ಎದ್ದು ನಿಂತ. ಹೊಸ್ತಿಲಿಗೂ ಅವನಿಗೂ ನಾಲ್ಕು ಹೆಜ್ಜೆ. ಎರಡು ಹೆಜ್ಜೆ ಇಟ್ಟು ನಿಂತುಬಿಟ್ಟ. ತಮ್ಮನ ಹೆಂಡತಿಯ ಕೊರಳಿಗೆ ಭಾವ ಕೈ ಹಾಕುವುದು ಯಾವ ರಾಜ್ಯದಲ್ಲೂ ಇರಲಿಲ್ಲ, ನವಾಬರದರಲ್ಲೂ ಇಲ್ಲ, ಈಗಿನದರಲ್ಲೂ ಇಲ್ಲ. ಆ ಕೊರಳನ್ನು ಮುಟ್ಟುವ ಅಧಿಕಾರವಿದ್ದ ಗಂಡಸು ಮಣ್ಣಲ್ಲಿದ್ದ. ಉಳಿದದ್ದು ಒಬ್ಬಳೇ ಹೆಂಗಸು.

“ಯವ್ವಾ, ತಗಿ ಅದನ್ನ ಆಕಿ ಕೊರಳಾಗಿಂದು,” ಎಂದ.

ಮಲ್ಲಾಬಾಯಿ ಮೊರವನ್ನು ಪಕ್ಕಕ್ಕೆ ಸರಿಸಿದಳು. ಎದ್ದಳು. ಸೊಸೆಯ ಹತ್ತಿರ ಬಂದಳು. ಗೊಲ್ಲಾಳಮ್ಮ ಹಿಂದೆ ಸರಿಯಲಿಲ್ಲ, ಕಡ್ಡಿಯನ್ನು ಮುಷ್ಟಿಯಲ್ಲಿ ಮುಚ್ಚಿಕೊಳ್ಳಲೂ ಇಲ್ಲ. ಇವಳೂ ತೆಗೆದರೆ ಇನ್ನು ಈ ಮನೆಯಲ್ಲಿ ಒಂದು ತುತ್ತು ಅನ್ನವನ್ನೂ ಅಗಿಯುವುದಿಲ್ಲ, ಭೀಮಾ ತುಂಬಿದ್ದರೂ ಈಜಿಕೊಂಡು ತವರಿಗೆ ಹೋಗುತ್ತೇನೆ ಎಂದುಕೊಂಡಳು. ಅತ್ತೆಯ ಬೆರಳು ಕರಿದಾರವನ್ನು ಮುಟ್ಟಿತು, ಜಾರಿ ಕಡ್ಡಿಯ ತನಕ ಬಂತು, ಅದರ ತುದಿಯನ್ನು ಮುಟ್ಟಿ ನೋಡಿತು. ನಯವಾಗಿತ್ತು. ಬೆರಳು ಅಲ್ಲಿಂದ ಮೇಲೆದ್ದು ತನ್ನದೇ ಗಲ್ಲದ ಮೇಲೆ ಹೋಗಿ ನಿಂತಿತು.

“ಈ ಕೈ ಒಂದು ಸಲ ಆ ಕೊರಳಿಗಿ ಹೋಗ್ಯಾದ,” ಎಂದಳು ಮಗನಿಗೆ. “ಅವತ್ತ ಹೋಗಿದ್ದೇ ಸಾಕು. ಇನ್ನೊಮ್ಮಿ ಹೋಗಲ್ಲ. ನಿನಗ ಆಗೋದಾದ್ರ ನೀನೇ ತಗಿ.”

ಅಮಾತೆಪ್ಪ ತಾಯಿಯನ್ನು ನೋಡಿದ. ತಾಯಿ ಅವನನ್ನೇ ನೋಡುತ್ತಿದ್ದಳು. ಅವನ ಕೈ ಏಳಲಿಲ್ಲ, ಏಳುವಂತೆಯೂ ಇರಲಿಲ್ಲ. ಟೋಪಿಯ ಸುಣ್ಣವನ್ನು ಜಾಡಿಸಿ, ಅದನ್ನು ತಲೆಗೆ ಹಾಕಿಕೊಂಡ. ಹೊಸ್ತಿಲಲ್ಲಿ ಗೊಲ್ಲಾಳಮ್ಮ ನಿಂತಿದ್ದಳು, ಅವಳು ಸರಿಯಲಿಲ್ಲ. ಅವನು ಹಿತ್ತಲ ಬಾಗಿಲಿನಿಂದ ಹೊರಗೆ ಹೋದ.

ಇಷ್ಟೆಲ್ಲ ಆಗುವವರೆಗೂ ಪುಂಡಿಯ ನಾರು ಸಂದಿಯಲ್ಲೇ ಇತ್ತು. ಗೊಲ್ಲಾಳಮ್ಮ ಮತ್ತೆ ಹೊಸ್ತಿಲಲ್ಲಿ ಕೂತಳು. ಬೀದಿಯಲ್ಲಿ ಕಮಿಟಿಯ ಇಬ್ಬರು ಬರುತ್ತಿದ್ದರು, ಅವಳನ್ನು ನೋಡಿದರು. ಅವಳು ಕಡ್ಡಿಯನ್ನು ಬಾಯಿಗೆ ಹಾಕಿ, ಕಣ್ಣು ಅರೆಮುಚ್ಚಿ, ಆತುರವಿಲ್ಲದೆ ಹುಡುಕಿದಳು. ಮಲ್ಲಾಬಾಯಿ ಒಳಗಿನಿಂದ ತಂಬಿಗೆಯಲ್ಲಿ ನೀರು ತಂದು ಪಕ್ಕದಲ್ಲಿಟ್ಟು, ಸಿಕ್ಕಿತೇನೇ ಎಂದು ಕೇಳಿದಳು. ಸಿಕ್ಕಿತು ಎಂದು ಗೊಲ್ಲಾಳಮ್ಮ ಅಂಗಳಕ್ಕೆ ಉಗುಳಿ, ನೀರು ಮುಕ್ಕಳಿಸಿದಳು.